ಬಂದೂಕಿನ ಬೀರುವಿನಲ್ಲಿದ್ದ ಸುಣ್ಣದ ಕುಡಿಕೆ

ಜಯಾ, ಮಾವನ ಬಂದೂಕಿಗೆ ತುಕ್ಕು ಹಿಡಿಸಿದವಳು ನಾನು. ನೀನಲ್ಲ. ತವರಿಗೆ ಹೊರಟ ದಿನ ನೀನು ನನ್ನ ಕೈಗೆ ಬೀರುವಿನ ಬೀಗದ ಕೈ ಕೊಟ್ಟು, ಸುಣ್ಣ ಬದಲಾಯಿಸು ಎಂದು ಹೇಳಿಯೇ ಹೋಗಿದ್ದೆ. ಹೇಳಲಿಲ್ಲ ಎಂದು ಮಾವನ ಮುಂದೆ ನಾನು ಸುಳ್ಳಾಡಿದೆ. ಇಷ್ಟು ವರ್ಷ ಅದೇ ಸುಳ್ಳು ನಿಂತಿದೆ.

ನನಗೆ ಬರೆದು ಅಭ್ಯಾಸವಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳುವ ಮೊದಲು ಒಮ್ಮೆ ಕಣ್ಣಲ್ಲಿ ನೋಡಿಬಿಡೋಣ ಎಂದು.

ಪಾಲಹಳ್ಳಿಯ ನಮ್ಮ ಮನೆಯ ಒಳಕೋಣೆ ನಿನಗೆ ಗೊತ್ತೇ ಇದೆ. ಗೋಡೆಯ ಆಚೆಗೆ ಭತ್ತದ ಗದ್ದೆ. ನಾಲೆಗೆ ನೀರು ಬಿಟ್ಟರೆ ಸಾಕು, ಗೋಡೆ ಬೆವರುತ್ತಿತ್ತು. ಆ ಗೋಡೆಗೇ ಮಾವ ಕಬ್ಬಿಣದ ಬೀರು ಕೂರಿಸಿದ್ದರು. ಹಂದಿ ಕಾಟಕ್ಕೆಂದು ಲೈಸೆನ್ಸು ಮಾಡಿಸಿದ ಒಂಟಿ ನಳಿಗೆಯ ಬಂದೂಕು ಅದರೊಳಗೆ. ನೀನು ಸೊಸೆಯಾಗಿ ಬಂದ ಹೊಸತರಲ್ಲೇ ಬೀರುವಿಗೆ ಮೂಗಿಟ್ಟು ನೋಡಿ, "ಮಾವ, ಇದ್ರೊಳ್ಗೆ ಶೀತ ಸೇರ್ಕಂಡದೆ" ಅಂದೆ. ಕಿಕ್ಕೇರಿಯಲ್ಲಿ ನಿಮ್ಮಪ್ಪನಿಗೂ ಬಂದೂಕು ಇತ್ತಲ್ಲ, ಅಲ್ಲಿ ನೋಡಿ ಕಲಿತಿದ್ದೆ. ಬಟ್ಟೆಯ ಗವಸು ತೆಗೆಸಿದೆ — ಗವಸೇ ತೇವ ಹಿಡಿದಿಡುತ್ತದೆ ಎಂದೆ. ನೀರು ಸೋಕದ ಸುಟ್ಟ ಸುಣ್ಣದ ಕಲ್ಲನ್ನು ಕುಡಿಕೆಗೆ ಹಾಕಿ, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ಬೀರುವಿನ ಮೂಲೆಯಲ್ಲಿಟ್ಟೆ. ಕಲ್ಲು ತೇವ ಕುಡಿದು ಹಿಟ್ಟಾಗುತ್ತದೆ, ಹಿಟ್ಟಾದರೆ ಬೇರೆ ಕಲ್ಲು ಹಾಕಬೇಕು. ಅಷ್ಟೇ ಕೆಲಸ. ಬೀರುವಿನ ಬೀಗದ ಕೈಯನ್ನು ಮಾವ ನಿನಗೆ ಕೊಟ್ಟರು.

ನಾನು ಹಿರಿಸೊಸೆ. ನನಗೆ ಯಾವತ್ತೂ ಕೊಟ್ಟಿರಲಿಲ್ಲ. ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಆ ವರ್ಷದ ಆಯುಧಪೂಜೆ. ನೀನು ತುಂಬಿದ ಬಸುರಿ. ಕುಡುಗೋಲು, ಗುದ್ದಲಿ, ಪಂಪ್‌ಸೆಟ್ಟು, ಬಂದೂಕು — ಎಲ್ಲಕ್ಕೂ ನಾನೇ ಗಂಧ ಕುಂಕುಮ ಇಟ್ಟಿದ್ದೆ. ಸಂಜೆ ನೋಡಿದರೆ ನೀನು ಬಂದೂಕಿನ ಕುಂಕುಮ ಒರೆಸುತ್ತಾ ಕುಳಿತಿದ್ದೀಯ!

"ಏನೇ ಅದು? ಕುಂಕುಮ ಒರೆಸೋದು ನಿಮ್ಮೂರಲ್ಲಿ ನಡೀತದೇನೋ. ಈ ಮನೇಲಿ ಇನ್ನೂ ಗಂಡಸ್ರು ಬದುಕವ್ರೆ."

ನೀನು ನಕ್ಕೆ. "ಬಂದೂಕಿಗೆಂತಾ ಮುತ್ತೈದೆತನ ಅಕ್ಕಾ? ಅಸಿ ಕುಂಕುಮ ಅಂಗೇ ಬುಟ್ರೆ ತುಕ್ಕು ಇಡೀತದೆ ಕಣಕ್ಕ. ಒರೆಸಿ ಎಣ್ಣೆ ಸವರ್ಬೇಕು."

ಮಾವನೂ ನಕ್ಕರು. ಆ ನಗು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಮಾರನೆಯ ದಿನ ನಿಮ್ಮಣ್ಣ ಬಂದ, ಬಾಣಂತನಕ್ಕೆ ಕರೆದುಕೊಂಡು ಹೋಗಲು. ಬಸ್ಸಿಗೆ ಹೊತ್ತಾಗಿತ್ತು. ಆದರೂ ನೀನು ಅಡಿಗೆಮನೆಗೆ ಬಂದೆ. "ಅಕ್ಕ, ನಾ ಬರೋಗಂಟ ಸುಣ್ಣ ನೋಡ್ಕ. ಇಟ್ಟಾದ್ರೆ ಬದ್ಲಾಯ್ಸು, ಮರೀಬ್ಯಾಡ." ಹೂಂ ಅಂದೆ. ತಲೆಯನ್ನೂ ಆಡಿಸಿದೆ.

ನೀನು ತಿರುವು ದಾಟುವುದನ್ನೇ ಕಾದು, ಬೀರು ತೆಗೆದೆ. ನೀನು ಹಚ್ಚಿದ್ದ ಎಣ್ಣೆಯನ್ನು ಸೀಗೆಪುಡಿ ಹಾಕಿ ಉಜ್ಜಿದೆ. ಗಂಧ ತೇದು ಬಳಿದು, ಅದರ ಮೇಲೆ ಕುಂಕುಮ, ನಳಿಗೆಗೆ ನೀರು ಚಿಮುಕಿಸಿದ ಚೆಂಡುಹೂವಿನ ಹಾರ. ನನ್ನ ಗಂಡನಿಗೆ ಆಯುಸ್ಸು ಬರಲಿ ಎಂದು ಕೈಮುಗಿದದ್ದೂ ನಿಜ, ನಿನ್ನ ಕೆಲಸ ಕೆಡಿಸಿದೆ ಎಂದು ಹಿಗ್ಗಿದ್ದೂ ನಿಜ. ಯಾವುದು ಹೆಚ್ಚು ಅಂತ — ನನಗೇ ಗೊತ್ತಿಲ್ಲ. ಬೀಗ ಹಾಕಿದೆ. ಮತ್ತೆ ತೆಗೆಯಲಿಲ್ಲ.

ಆಮೇಲೆ ಕೊಯ್ಲು ಬಂತು, ಒಕ್ಕಣೆ ಬಂತು. ಮಾವ ಕಣ್ಣಿಗೆ ಪೊರೆ ಬಂದು ಬಂದೂಕು ಎತ್ತುವುದನ್ನು ಬಿಟ್ಟಿದ್ದರು. ನನ್ನ ಗಂಡನಿಗೂ ನಿನ್ನ ಗಂಡನಿಗೂ ಅದನ್ನು ಮುಟ್ಟಲೂ ಅಂಜಿಕೆ. ಚುನಾವಣೆ ಬಂದು, ಲೈಸೆನ್ಸಿನ ಬಂದೂಕುಗಳನ್ನೆಲ್ಲ ಸ್ಟೇಷನ್ನಿಗೆ ತಂದೊಪ್ಪಿಸಿ ಎಂದಾಗಲೇ ಅದರ ನೆನಪಾದದ್ದು. ಮಾವ ಸ್ನಾನಕ್ಕೆ ಹೋಗಿದ್ದಾಗ ನಾನೇ ಮೊದಲು ಬೀರು ತೆಗೆದು ನೋಡಿದೆ.

ಕೊಳೆತ ನಾತ. ಹಾರ ನಳಿಗೆಗೆ ಅಂಟಿಕೊಂಡು ಕಪ್ಪಾಗಿತ್ತು. ಅದರ ಕೆಳಗೆಲ್ಲ ಕೆಂಪು ತುಕ್ಕು, ಉಗುರಲ್ಲಿ ಕೆರೆದರೆ ಹಕ್ಕಳೆ ಏಳುತ್ತಿತ್ತು. ಕುಡಿಕೆಯ ಸುಣ್ಣ ಹಿಟ್ಟಾಗಿ ಉಬ್ಬಿ ಬಟ್ಟೆಯಿಂದಾಚೆ ಚೆಲ್ಲಿತ್ತು. ಹಾರವನ್ನು ಕಿತ್ತು ತಿಪ್ಪೆಯಲ್ಲಿ ಹೂತೆ. ಗಂಧದ ಗುರುತನ್ನು ಒರೆಸಿದೆ. ಕುಡಿಕೆಯನ್ನು ಮಾತ್ರ ಹಾಗೇ ಬಿಟ್ಟೆ — ಬೇಕೆಂದೇ ಬಿಟ್ಟೆ, ಕಾಣಲಿ ಎಂದು.

ಮಾವ ನಳಿಗೆಯ ಮೇಲೆ ಬೆರಳಾಡಿಸಿದರು. ಕಣ್ಣು ಕಾಣದಿದ್ದರೂ ಬೆರಳಿಗೆ ತಿಳಿಯಿತು. ಕುಡಿಕೆಗೂ ಕೈ ಹಾಕಿ ನೋಡಿದರು.

"ಜಯ ಓಗೋವಾಗ ಸುಣ್ಣದ ಇಚಾರ ಏನೂ ಏಳ್ನಿಲ್ವೇನವ್ವ?"

"ಇಲ್ಲ ಮಾವ. ತವ್ರಿಗೆ ಓಗೋ ಆತ್ರ. ಬೀಗದ ಕೈ ಬಿಸಾಕ್ಬುಟ್ಟು ಓದ್ಲು."

ಇಷ್ಟೇ ಮಾತು. ಹೇಳುವಾಗ ನಾಲಿಗೆ ತೊದಲಲೂ ಇಲ್ಲ.

ಸ್ಟೇಷನ್ನಿನಲ್ಲಿ ಯಾವನೋ ಪೇದೆ, "ಇದೇನ್ ಗೌಡ್ರೇ, ಬಂದೂಕೋ ನೇಗ್ಲೋ?" ಎಂದು ನಗಾಡಿದನಂತೆ. ಮಾವ ಆವತ್ತು ಊಟ ಮಾಡಲಿಲ್ಲ.

ಐದು ತಿಂಗಳ ಕೂಸನ್ನು ಎತ್ತಿಕೊಂಡು ನೀನು ಬಂದೆ. ಮಾವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು, ನಿನ್ನನ್ನು ಮಾತಾಡಿಸಲಿಲ್ಲ. ವಿಷಯ ತಿಳಿದ ಮೇಲೆ ನೀನು ಎಲ್ಲರೆದುರು ನನ್ನ ಕಡೆ ತಿರುಗಿ, "ಅಕ್ಕ, ನಿನ್ ಕೈಗೇ ಕೊಟ್ಟು ಏಳ್ಬುಟ್ಟು ಓದ್ನಲ್ಲ. ಏಳಕ್ಕ" ಅಂದೆ. ನಾನು ಮೊರ ಎತ್ತಿಕೊಂಡು ಅಕ್ಕಿ ಕೇರಲು ಕುಳಿತೆ. ನೀನು ಇನ್ನೊಂದು ಸಲ, "ಏಳಕ್ಕ" ಅಂದೆ —

ಮಾವ ಅಂದರು: "ತಪ್ಪಾಗೋಯ್ತದೆ ಬುಡವ್ವ. ಸುಳ್ಯಾಕೆ ಏಳೀಯೆ?"

ನೀನು ಅತ್ತದ್ದನ್ನು ನಾನು ಕಾಣಲಿಲ್ಲ. ಸೊಂಟದಿಂದ ಬಿಚ್ಚಿ ಕೊಡಲು ನಿನ್ನಲ್ಲಿ ಬೀಗದ ಕೈಯೂ ಇರಲಿಲ್ಲ, ಆಗಲೇ ನನ್ನ ಸೊಂಟದಲ್ಲಿತ್ತು. ಅಲ್ಲೇ ಉಳಿಯಿತು. ಮುಂದಿನ ವರ್ಷ ನೀವು ಪಾಂಡವಪುರಕ್ಕೆ ಹೋಗಿ ಬೇರೆ ಒಲೆ ಹೂಡಿದಿರಿ. ಇದಕ್ಕೇ ಹೋದಿರೋ ಏನೋ, ನೀನು ಯಾರಿಗೂ ಹೇಳಲಿಲ್ಲ. ಮಾವ ಸಾಯುವಾಗ ನೀನು ಬಾಯಿಗೆ ನೀರು ಬಿಟ್ಟೆ. ಅವರು ಕುಡಿದರು. ಆದರೆ ನೀನು ಸುಳ್ಳುಗಾತಿ ಎಂದು ನಂಬಿಕೊಂಡೇ ಹೋದರು. ನಾನು ಮಗ್ಗುಲಲ್ಲೇ ಇದ್ದೆ. ಆಗಲಾದರೂ ಹೇಳಬಹುದಿತ್ತು. ಕಿವಿ ಕೇಳುತ್ತಿತ್ತು ಅವರಿಗೆ.

ಆವತ್ತಿನಿಂದ ನಾನು ಸುಣ್ಣ ತಪ್ಪಿಸಿಲ್ಲ. ಹಿಟ್ಟಾಗುವ ಮೊದಲೇ ಬದಲಾಯಿಸುತ್ತೇನೆ. ಪೂಜೆ ಮುಗಿದರೆ ಕುಂಕುಮ ಒರೆಸಿ ಎಣ್ಣೆ ಸವರುತ್ತೇನೆ — ನೀನು ಮಾಡುತ್ತಿದ್ದ ಹಾಗೆಯೇ. ಹೊಸ ತುಕ್ಕು ಬಂದಿಲ್ಲ. ಆಚಾರಿಯ ಕೈಲಿ ಉಜ್ಜಿಸಿದರೂ ಹಳೆಯ ಗುಳಿಗಳು ಹೋಗಿಲ್ಲ, ಹಾರ ಸುತ್ತಿದ್ದ ಕಡೆ ಬೆರಳಿಗೆ ಸಿಕ್ಕುತ್ತವೆ. ನಾನು ಎಣ್ಣೆ ಸವರುವುದನ್ನು ನೋಡಿ ನನ್ನ ಗಂಡ, "ನಿನ್ನಂಗೆ ನೋಡ್ಕಳೋರು ಯಾರವ್ರೆ" ಅನ್ನುತ್ತಾನೆ. ಬೀರು ಮುಚ್ಚಿ ಬೀಗ ಹಾಕುತ್ತೇನೆ.

ಈ ಸೋಮವಾರ ಪಾಂಡವಪುರಕ್ಕೆ ಬರುತ್ತೇನೆ. ನನ್ನ ಗಂಡನನ್ನೂ ಕರೆದುಕೊಂಡು ಬರುತ್ತೇನೆ. ಆವತ್ತು ಎಲ್ಲರ ಮುಂದೆ ನಿನ್ನ ಹೆಸರು ಕೆಡಿಸಿದ್ದರಿಂದ ಇದನ್ನೂ ಎಲ್ಲರ ಮುಂದೆಯೇ ಹೇಳಬೇಕು — ನಿನ್ನ ಗಂಡನ ಮುಂದೆ, ಆವತ್ತು ಕೂಸಾಗಿದ್ದ ಆ ಮಗಳ ಮುಂದೆ. ಕೇಳಬೇಕಾಗಿದ್ದ ಒಬ್ಬರು ಮಾತ್ರ ಇರುವುದಿಲ್ಲ. ನೀನು ಒಳಗೆ ಕರೆಯದಿದ್ದರೆ ಹೊಸಿಲಾಚೆ ನಿಂತೇ ಹೇಳುತ್ತೇನೆ. ನೀರು ಕೊಡಬೇಡ. ನೀನು ಎರಡು ಸಲ "ಏಳಕ್ಕ" ಅಂದಿದ್ದೆಯಲ್ಲ, ಆವತ್ತು ನುಂಗಿಕೊಂಡದ್ದನ್ನು ಹೇಳಿ ಮುಂದಿನ ಬಸ್ಸಿಗೆ ವಾಪಸಾಗುತ್ತೇನೆ.