ಬಾಗಿಲಿನಾಚೆ ಕುಳಿತ ಲೆಕ್ಕದ ಸರ್

2009ರ ನವೆಂಬರ್ ತಿಂಗಳು. ಬಹರೈನ್‌ನಲ್ಲಿ ಸೆಕೆ ಇಳಿದು, ಜನ ಎ.ಸಿ. ಆರಿಸಿ ಕಿಟಕಿ ತೆರೆಯಲು ಶುರು ಮಾಡಿದ್ದ ದಿನಗಳು. ಒಂದು ಬೆಳಿಗ್ಗೆ ಮೀನಾ ಸಲ್ಮಾನ್ ಬಂದರಿನ ಗೋದಾಮಿಗೆ ಕೆಲಸಕ್ಕೆ ಹೋದ ನನ್ನ ಯಜಮಾನರು ಅಲ್ಲೇ ಎದೆನೋವು ಬಂದು ಕುಸಿದರು. ಆಸ್ಪತ್ರೆಗೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಅಂದೇ ಸಂಜೆ ಅವರನ್ನು ಅಲ್ಲಿಯ ಮಣ್ಣಿನಲ್ಲೇ ದಫನ ಮಾಡಿದರು.

ನಮಗೆ ಒಬ್ಬಳೇ ಮಗಳು, ಸಫಿಯಾ. ಆಗ ಹತ್ತನೇ ತರಗತಿಯಲ್ಲಿದ್ದಳು. ಸುದ್ದಿ ಬಂದಾಗ ಅವಳು ಶಾಲೆಯಲ್ಲಿ ಪರೀಕ್ಷೆ ಬರೆಯುತ್ತಿದ್ದಳು. 'ಅದು ಮುಗಿಯುವ ತನಕ ಅವಳಿಗೆ ಹೇಳಬೇಡಿ' ಎಂದು ನಾನೇ ಶಾಲೆಗೆ ಫೋನ್ ಮಾಡಿಸಿದ್ದೆ. ಮಗುವಿನ ಪರೀಕ್ಷೆ ಕೆಡಬಾರದು ಎಂಬುದಷ್ಟೇ ಆ ಹೊತ್ತಿಗೆ ನನಗೆ ತೋಚಿದ್ದು.

ಆ ಶಾಲೆಯ ಬಗ್ಗೆ ಸ್ವಲ್ಪ ಹೇಳಬೇಕು. ದೊಡ್ಡದೇನಲ್ಲ. ಒಂದು ಹಳೆಯ ವಿಲ್ಲಾದಲ್ಲಿ ಶುರುವಾಗಿ ಪಕ್ಕದ ವಿಲ್ಲಾಕ್ಕೂ ಬೆಳೆದದ್ದು. ನಮ್ಮ ಮಂಗಳೂರು ಕಡೆಯವರು, ಕೇರಳದವರು, ಪಾಕಿಸ್ತಾನ, ಸುಡಾನ್, ಫಿಲಿಪ್ಪೀನ್ಸ್‌ನವರು, ಬಹರೈನಿನವರೇ ಕೆಲವರು, ಹೀಗೆ ಎಲ್ಲರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ತಂದೆತಾಯಿಯರ ಸಮಿತಿಯೇ ಅದನ್ನು ನಡೆಸುತ್ತಿತ್ತು. ಫೀಸು ಕಡಿಮೆ. ಅದಕ್ಕೆ ಬದಲಾಗಿ ಪ್ರತಿ ಮನೆಯವರೂ ತಿಂಗಳಿಗೆ ನಾಲ್ಕು ಗಂಟೆ ಶಾಲೆಗಾಗಿ ದುಡಿಯಬೇಕೆಂಬ ನಿಯಮವಿತ್ತು. ನಮ್ಮ ಮನೆಯ ಪಾಲನ್ನು ಯಜಮಾನರೇ ಮಾಡುತ್ತಿದ್ದರು. ಶನಿವಾರ ಹೋಗಿ ಲ್ಯಾಬಿನ ಸಾಮಾನು ಜೋಡಿಸಿ, ಮುರಿದ ಬೆಂಚಿಗೆ ಮೊಳೆ ಹೊಡೆದು ಬರುತ್ತಿದ್ದರು. ನಾನು ಒಂದು ದಿನವೂ ಗೇಟಿನೊಳಗೆ ಕಾಲಿಟ್ಟವಳಲ್ಲ. ನಾನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ, ಏಳನೆಯ ತನಕ. ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿಬಿಟ್ಟರೆ ಎಂಬ ಭಯ.

ನಮ್ಮಲ್ಲಿ ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು, ಪರಗಂಡಸರ ಎದುರು ಬರಬಾರದು. ಅದಕ್ಕೆ ಇದ್ದತ್ ಎನ್ನುತ್ತಾರೆ. ಮೂರನೇ ಮಹಡಿಯ ಆ ಫ್ಲ್ಯಾಟಿನಲ್ಲಿ ನಾನು ಇದ್ದತ್ ಕೂತೆ.

ಮೂರನೇ ವಾರ ಸಫಿಯಾ ಶಾಲೆಗೆ ಹೊರಟಳು. ಯೂನಿಫಾರ್ಮ್ ತೊಟ್ಟಳು, ಶೂ ಹಾಕಿದಳು, ಬಾಗಿಲ ತನಕ ಹೋಗಿ ಅಲ್ಲೇ ಕೂತುಬಿಟ್ಟಳು. ಹೊಟ್ಟೆನೋವು ಎಂದಳು. ಮರುದಿನವೂ ಅದೇ. ನಾಲ್ಕನೇ ದಿನ ನಾನು ಸ್ವಲ್ಪ ಗದರಿದಾಗ ಬಾಯಿಬಿಟ್ಟಳು.

"ಉಮ್ಮ, ಹೊಟ್ಟೆನೋವು ಸುಳ್ಳು. ನಾನು ಹೋದ ಮೇಲೆ ನಿಮಗೆ ಏನಾದ್ರೂ ಆದ್ರೆ? ಉಪ್ಪನಿಗೆ ಹಾಗಾದಾಗ ನಾನು ಕೂತ್ಕೊಂಡು ಇಂಡಿಯಾದ ಮ್ಯಾಪ್ ತುಂಬಿಸ್ತಾ ಇದ್ದೆ. ಯಾರೂ ನಂಗೆ ಹೇಳ್ಲಿಲ್ಲ."

"ಹೇಳ್ಬೇಡಿ ಅಂದದ್ದು ನಾನೇ ಮಗಳೇ," ಎಂದೆ. ಮುಚ್ಚಿಡಲು ಮನಸ್ಸಾಗಲಿಲ್ಲ.

ಅವಳು ನನ್ನನ್ನೇ ನೋಡಿದಳು. "ಹಾಗಾದ್ರೆ ಇನ್ನೊಂದ್ಸಲ ಆದ್ರೂ ನೀವು ಹೇಳುದಿಲ್ಲ," ಎಂದು ಶೂ ಬಿಚ್ಚಿಟ್ಟಳು.

ನಾನು ಹೊರಗೆ ಹೋಗುವಂತಿಲ್ಲ, ಅವಳು ಹೋಗುವುದಿಲ್ಲ. ಮಾರ್ಚ್‌ನಲ್ಲಿ ಪಬ್ಲಿಕ್ ಪರೀಕ್ಷೆ. ಶಾಲೆಯಿಂದ ಫೋನ್ ಬಂದರೆ ನಾನು ಎತ್ತುತ್ತಿರಲಿಲ್ಲ. ಬಹರೈನಿನಲ್ಲೇ ಅಸ್ಕರ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದ ನನ್ನ ತಮ್ಮ ಶುಕ್ರವಾರ ಬಂದಾಗ, "ಎಂತ ಮಾಡುದಕ್ಕಾ, ಒಂದು ವರ್ಷ ಹೋದ್ರೆ ಹೋಗ್ಲಿ. ಟಿ.ಸಿ. ತಗೊಳ್ಳುವ. ನಿನ್ನ ಇದ್ದತ್ ಮುಗಿದ ಕೂಡ್ಲೆ ಊರಿಗೆ ಹೋದ್ರಾಯ್ತು," ಎಂದು ಅರ್ಜಿಯನ್ನೂ ಬರೆದಿಟ್ಟು ಹೋದ.

ಡಿಸೆಂಬರ್‌ನ ಒಂದು ಮಧ್ಯಾಹ್ನ ಕಾಲಿಂಗ್ ಬೆಲ್ ಆಯಿತು. ಬಾಗಿಲಿನಾಚೆ ಹೆಂಗಸಿನ ದನಿ. ಸಫಿಯಾಳ ಕ್ಲಾಸ್ ಟೀಚರ್ ಲಿಸ್ಸಿ ಮಿಸ್. ಜೊತೆಗೆ ನಫೀಸಾ ಎಂಬ ಸುಡಾನಿ ಹೆಂಗಸು; ಅವರ ಗಂಡನೂ ನನ್ನ ಯಜಮಾನರೂ ಶನಿವಾರಗಳಲ್ಲಿ ಒಟ್ಟಿಗೆ ಬೆಂಚು ರಿಪೇರಿ ಮಾಡುತ್ತಿದ್ದವರು. ಹೆಸರು ತೆಗೆಯುವ ವಿಚಾರಕ್ಕೆ ಬಂದಿದ್ದಾರೆಂದೇ ನಾನು ತಿಳಿದೆ. ಬಾಗಿಲು ತೆರೆಯದೆಯೇ, "ನಾನು ಇದ್ದತ್‌ನಲ್ಲಿದ್ದೇನೆ. ಅರ್ಜಿ ತಮ್ಮ ತಂದು ಕೊಡ್ತಾನೆ," ಎಂದು ಹಿಂದಿಯಲ್ಲಿ ಹೇಳಿದೆ.

ನಫೀಸಾ ತನ್ನ ಹರಕು ಹಿಂದಿಯಲ್ಲಿ ಆಚೆಯಿಂದಲೇ ಕೂಗಿದರು. "ಇದ್ದತ್ ನಿನಗೆ, ಉಖ್ತಿ, ನನ್ನ ತಂಗೀ. ನಿನ್ನ ಮಗಳಿಗಿಲ್ಲ, ಅವಳ ಆಲ್ಜೀಬ್ರಾಕ್ಕೂ ಇಲ್ಲ. ಬಾಗಿಲು ತೆಗಿ, ಮೂರು ಮಹಡಿ ಹತ್ತಿ ನನ್ನ ಮಂಡಿ ಹೋಯಿತು!"

ಒಳಗೆ ಬಂದು ನನ್ನನ್ನು ತಬ್ಬಿಕೊಂಡರು. ಲಿಸ್ಸಿ ಮಿಸ್ ಮಲಯಾಳದಲ್ಲಿ ಮಾತಾಡಿದರು, ನಾನು ನಮ್ಮ ಬ್ಯಾರಿ ಭಾಷೆಯಲ್ಲಿ. ಎರಡೂ ಹತ್ತಿರದ ಭಾಷೆಗಳು, ಅರ್ಥವಾಗಲು ಕಷ್ಟವಾಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಲಿಸ್ಸಿ ಮಿಸ್ ಸಫಿಯಾಳಿಗೆ ಬುದ್ಧಿ ಹೇಳಲಿಲ್ಲ. "ಸರಿ, ಅವಳು ಬರುವ ತನಕ ಶಾಲೆಯೇ ಇಲ್ಲಿಗೆ ಬರುತ್ತದೆ," ಎಂದರು.

ಮರುದಿನದಿಂದ ಹಾಗೆಯೇ ಆಯಿತು. ಶಾಲೆ ಬಿಟ್ಟ ಮೇಲೆ ಲಿಸ್ಸಿ ಮಿಸ್ ಬಂದು ಪಾಠ ಮಾಡುತ್ತಿದ್ದರು. ಲೆಕ್ಕಕ್ಕೆ ಇಕ್ಬಾಲ್ ಸರ್ ಎಂಬ ಪಾಕಿಸ್ತಾನದವರು. ಅವರು ಒಳಗೆ ಬರುವಂತಿಲ್ಲ. ಹೊಸ್ತಿಲಿನಾಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಸಫಿಯಾ ಈಚೆ ಚಾಪೆಯ ಮೇಲೆ. ಪರದೆಯ ಹಿಂದಿನಿಂದ ನನಗೆ ಅವರ ದನಿ, ಕೆಮ್ಮು, ಸ್ಲೇಟಿನ ಮೇಲೆ ಸೀಮೆಸುಣ್ಣದ ಸದ್ದು ಮಾತ್ರ ಕೇಳುತ್ತಿತ್ತು. ಮೇಲಿನ ಮನೆಯ ಫಿಲಿಪ್ಪೀನ್ಸ್ ಹುಡುಗಿಯರು ಇಳಿಯುವಾಗೆಲ್ಲ ಅವರು ಎದ್ದು ಕುರ್ಚಿ ಸರಿಸಿ ದಾರಿ ಬಿಡಬೇಕಿತ್ತು.

ಹದಿನೈದು ದಿನವಾದ ಮೇಲೆ ನಫೀಸಾ ಇನ್ನೊಂದು ಉಪಾಯ ತಂದರು. "ನಾನು ನಿನ್ನ ಉಮ್ಮನ ಹತ್ತಿರ ಕೂರ್ತೇನೆ. ನೀನು ಒಂದೇ ಒಂದು ಪೀರಿಯಡ್‌ಗೆ ಹೋಗಿ ಬಾ." ಸಫಿಯಾ ಹೋದಳು, ಓಡಿ ಬಂದಳು. ಆಮೇಲೆ ಎರಡು ಪೀರಿಯಡ್, ಆಮೇಲೆ ಅರ್ಧ ದಿನ. ತಾಯಂದಿರು ಸರದಿಯಲ್ಲಿ ಬರತೊಡಗಿದರು. ಒಬ್ಬರು ಸೊಪ್ಪು ಸೋಸುತ್ತ ಕೂರುವರು, ಒಬ್ಬರು ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಫೋನಿನಲ್ಲಿ ಹರಟುವರು, ಒಬ್ಬರು ಸೋಫಾದಲ್ಲೇ ನಿದ್ದೆ ಹೋಗುವರು. ನನ್ನ ಮನೆಯಲ್ಲಿ ಕೂತ ಗಂಟೆಗಳನ್ನೇ ಶಾಲೆಯ ಕೆಲಸವೆಂದು ಸಮಿತಿ ಬರೆದುಕೊಳ್ಳುತ್ತಿದೆ ಎಂದು ತಡವಾಗಿ ನನಗೆ ಗೊತ್ತಾಯಿತು.

ಜನವರಿಯಲ್ಲಿ ಲಿಸ್ಸಿ ಮಿಸ್ ಒಂದು ದೊಡ್ಡ ಚೀಲ ತಂದಿಟ್ಟರು. "ನಿಮ್ಮ ಮನೆಯ ನಾಲ್ಕು ಗಂಟೆ ಆಗಿಲ್ಲವಲ್ಲ," ಎಂದರು. ದೊಡ್ಡ ಮಕ್ಕಳು ಬಿಟ್ಟ ಯೂನಿಫಾರ್ಮ್‌ಗಳು. ಹೊಲಿದು ಸರಿಮಾಡಿದರೆ ಚಿಕ್ಕವರಿಗೆ ಕೊಡುತ್ತಾರಂತೆ. ನನಗೆ ಬಹಳ ಬೇಸರವಾಯಿತು. ಗಂಡ ಹೋದವಳನ್ನೂ ಬಿಡುವುದಿಲ್ಲವಲ್ಲ ಇವರು ಎನಿಸಿತು. ಎರಡು ದಿನ ಚೀಲ ಮುಟ್ಟಲಿಲ್ಲ. ಮೂರನೇ ದಿನ ಸುಮ್ಮನೆ ಒಂದು ಅಂಗಿ ತೆಗೆದೆ. ಕಾಲರಿನ ಒಳಗೆ ಒಂದು ಹೆಸರು ಹೊಡೆದು ಇನ್ನೊಂದು, ಅದನ್ನೂ ಹೊಡೆದು ಮತ್ತೊಂದು ಬರೆದಿತ್ತು. ಮೂರೂ ಬೇರೆ ಬೇರೆ ದೇಶದ ಮಕ್ಕಳ ಹೆಸರು. ಗುಂಡಿ ಹಚ್ಚಲು ಕೂತವಳು ಸಂಜೆಯ ಮಗ್ರಿಬ್ ಬಾಂಗ್ ಕೇಳಿದಾಗಲೇ ಎದ್ದದ್ದು. ಅಷ್ಟು ಹೊತ್ತು ಬೇರೇನೂ ನೆನಪಾಗದೆ ಕೂತದ್ದು ಯಜಮಾನರು ಹೋದ ಮೇಲೆ ಅದೇ ಮೊದಲು.

ಮಾರ್ಚ್ ಬಂತು. ಪರೀಕ್ಷೆ ದೂರದ ಇನ್ನೊಂದು ಶಾಲೆಯಲ್ಲಿ. ಮೊದಲ ಎರಡು ಪರೀಕ್ಷೆಗೆ ನಫೀಸಾ ನನ್ನ ಜೊತೆ ಕೂತಿದ್ದರಿಂದ ಸಫಿಯಾ ಹೋಗಿ ಬಂದಳು. ಮೂರನೆಯದು ಲೆಕ್ಕ. ಅಂದು ಬೆಳಿಗ್ಗೆ ನಫೀಸಾರ ಫೋನ್ ಬಂತು. ಕಿರಿಯ ಮಗಳಿಗೆ ವಿಪರೀತ ಜ್ವರ, ಆಸ್ಪತ್ರೆಯಲ್ಲಿದ್ದಾರೆ. ಉಳಿದ ತಾಯಂದಿರೆಲ್ಲ ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು. ಕೆಳಗೆ ಶಾಲೆಯ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. ಸಫಿಯಾ ಬಾಗಿಲಲ್ಲಿ ಕೂತುಬಿಟ್ಟಳು.

"ಹೋಗು ಮಗಳೇ, ನಂಗೇನೂ ಆಗುದಿಲ್ಲ."

"ಉಪ್ಪನೂ ಹಾಗೇ ಹೇಳಿ ಹೋದದ್ದು," ಎಂದಳು.

ಮೆಟ್ಟಿಲಲ್ಲಿ ಕೆಮ್ಮು ಕೇಳಿತು. ವ್ಯಾನಿನಲ್ಲಿ ಮಕ್ಕಳ ಜೊತೆ ಹೊರಟಿದ್ದ ಇಕ್ಬಾಲ್ ಸರ್ ಅವಳನ್ನು ಕರೆಯಲು ಮೇಲೆ ಬಂದಿದ್ದರು. ನಾನು ಪರದೆಯ ಹಿಂದೆ ಸರಿದೆ. ಸಫಿಯಾ ಅಳುತ್ತಲೇ ವಿಷಯ ಹೇಳಿದಳು. ಅವರು ಕುರ್ಚಿ ಎಳೆದುಕೊಂಡ ಸದ್ದು ಕೇಳಿತು.

ಆಮೇಲೆ ಉರ್ದುವಿನಲ್ಲಿ ಹೇಳಿದರು. "ಬೇಟಿ, ಕೇಳು. ನಾನು ಇಲ್ಲೇ ಕೂರುತ್ತೇನೆ. ಅರ್ಧ ಗಂಟೆಗೊಮ್ಮೆ ಬಾಗಿಲು ತಟ್ಟುತ್ತೇನೆ. ನಿನ್ನ ಅಮ್ಮ ಒಳಗಿಂದ ತಟ್ಟಲಿ, ಮಾತು ಬೇಡ. ತಟ್ಟದಿದ್ದರೆ ಪರೀಕ್ಷೆಯ ಮಧ್ಯದಲ್ಲೇ ನಿನ್ನನ್ನು ಕರೆಸುತ್ತೇನೆ. ಪೇಪರ್ ಹಾಳಾದರೂ ಪರವಾಗಿಲ್ಲ. ನಿನ್ನಿಂದ ಮುಚ್ಚಿಡುವುದಿಲ್ಲ. ಇದು ನನ್ನ ಮಾತು."

"ಸರ್, ವ್ಯಾನ್‌ನಲ್ಲಿ ಎಲ್ಲರೂ ನಿಮ್ಮನ್ನೇ ಕಾಯ್ತಾ ಇದ್ದಾರೆ."

"ಇಷ್ಟು ತಿಂಗಳು ಕಲಿಸಿದ ಮೇಲೂ ಪರೀಕ್ಷೆಯ ದಿನ ನಾನು ಬೇಕೆಂದರೆ ನಾನೆಂಥ ಮಾಸ್ಟರ್! ಓಡು ಈಗ. ಫಾರ್ಮುಲಾಗಳನ್ನು ಮೊದಲು ಬರೆದಿಟ್ಟುಕೋ."

ಸಫಿಯಾ ಒಳಗೆ ಬಂದು ನನ್ನ ಕೈ ಹಿಡಿದಳು. "ಉಮ್ಮ, ತಟ್ಟಬೇಕು ಆಯ್ತಾ? ಮರೀಬಾರ್ದು." ಆಮೇಲೆ ಇಳಿದು ಹೋದಳು.

ನಾನು ಬಾಗಿಲು ಹಾಕಿಕೊಂಡು ಅಲ್ಲೇ ನೆಲದಲ್ಲಿ ಕೂತೆ. ಅರ್ಧ ಗಂಟೆಗೆ ಎರಡು ಸಲ ಬಾಗಿಲು ತಟ್ಟಿದ ಸದ್ದು. ನಾನೂ ಎರಡು ಸಲ ತಟ್ಟಿದೆ. ಮತ್ತೆ ಅರ್ಧ ಗಂಟೆ. ಮತ್ತೆ ಸದ್ದು. ಮೂರನೇ ಸಲಕ್ಕೋ ನಾಲ್ಕನೆಯದಕ್ಕೋ ತಟ್ಟಲು ಎತ್ತಿದ ಕೈ ಹಾಗೇ ನಿಂತು ನನಗೆ ಅಳು ಬಂದುಬಿಟ್ಟಿತು. ಅಲ್ಲಿಯ ತನಕ ಮಗಳು ಹೆದರಿಯಾಳೆಂದು ನಾನು ಬಾಯಿಬಿಟ್ಟು ಅತ್ತಿರಲೇ ಇಲ್ಲ. ಅಂದು ಬಾಗಿಲಿಗೆ ತಲೆ ಕೊಟ್ಟು ದೊಡ್ಡದಾಗಿ ಅತ್ತೆ. ಆಚೆ ಅವರಿಗೆ ಕೇಳಿಸಿರಲೇಬೇಕು. ಅಳು ನಿಂತು ಎಷ್ಟೋ ಹೊತ್ತಾದ ಮೇಲೆ, ಬೆರಳ ತುದಿಯಿಂದ ಎಂಬಂತೆ ಮೆಲ್ಲನೆ ತಟ್ಟಿದರು. ನಾನು ತಟ್ಟಿದೆ.

ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲಲ್ಲಿ ದಡಬಡ ಓಡಿ ಬಂದ ಸದ್ದು. "ಉಮ್ಮಾ!" ಎಂದಳು. ನಾನು ಒಳಗಿಂದ "ಇದ್ದೇನೆ ಮಗಳೇ" ಎಂದೆ. ಅವಳು ಕೂಡಲೇ ಒಳಗೆ ಬರಲಿಲ್ಲ. ಆಚೆಯೇ ನಿಂತು ಸರ್ ಜೊತೆ ಪ್ರಶ್ನೆಪತ್ರಿಕೆ ನೋಡತೊಡಗಿದಳು.

"ಇದನ್ನು ಏಕೆ ಬಿಟ್ಟೆ?"

"ಸರ್, ಆ ಪ್ರಶ್ನೆಯೇ ತಪ್ಪು."

"ಪ್ರಶ್ನೆ ತಪ್ಪಲ್ಲ, ನಿನ್ನ ತಲೆ ತಪ್ಪು."

"ಇಲ್ಲ ಸರ್, ನೋಡಿ, ನೀವೇ ಮಾಡಿ ನೋಡಿ!"

ಇಬ್ಬರೂ ಜಗಳವಾಡುತ್ತಿದ್ದರು. ನಾಲ್ಕು ತಿಂಗಳ ಮೇಲೆ ನನ್ನ ಮಗಳು ದನಿ ಎತ್ತಿ ಮಾತಾಡಿದ್ದು ಆಗಲೇ. ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

ಸಫಿಯಾ ಪಾಸಾದಳು. ಲೆಕ್ಕದಲ್ಲಿ ಅಂಥ ದೊಡ್ಡ ಅಂಕವೇನೂ ಬರಲಿಲ್ಲ. ಇದ್ದತ್ ಮುಗಿದ ಮೇಲೆ ನಾನು ಮೊದಲು ಹೋದದ್ದು ಆ ಶಾಲೆಗೆ. ಹೊಲಿದ ಬಟ್ಟೆಯ ಚೀಲ ಕೊಟ್ಟು, ಎಲ್ಲರನ್ನೂ ಕಂಡು ಬಂದೆ. ಇಕ್ಬಾಲ್ ಸರ್ ಆಗ ರಜೆಯಲ್ಲಿ ಊರಿಗೆ ಹೋಗಿದ್ದರು. ಅವರು ಬರುವ ಮೊದಲೇ ನಾವು ಬಹರೈನ್ ಬಿಟ್ಟೆವು. ಬಾಗಿಲಿನ ಕಿಂಡಿಯಲ್ಲಿ ಅವರನ್ನು ಒಮ್ಮೆ ನೋಡಬಹುದಿತ್ತು, ನೋಡಲಿಲ್ಲ. ಇಂದು ದಾರಿಯಲ್ಲಿ ಎದುರಾದರೂ ನಾನು ಅವರನ್ನು ಗುರುತಿಸಲಾರೆ.

ಯಜಮಾನರಿಲ್ಲದ ಸಂಕಟ ವರ್ಷ ಕಳೆದಂತೆ ಕಡಿಮೆಯಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಿಲ್ಲ. ಈಗಲೂ ಕೆಲವು ದಿನ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತೇನೆ. ಆದರೆ ಆಚೆ ಯಾರೂ ಇಲ್ಲ ಎಂದು ಮಾತ್ರ ಅನಿಸುವುದಿಲ್ಲ.