ಕೆಂಪು ಕಾರಿನ ಕೆಳಗೆ ನಮ್ಮ ಭಾವ

ನಮ್ಮ ಭಾವನ ಬಲಗೈ ಹೆಬ್ಬೆರಳಿನ ಉಗುರು ಎರಡು ಹೋಳಾಗಿ ಬೆಳೆಯುತ್ತಿತ್ತು. ಹಿಂದೆ ಯಾವಾಗಲೋ ಟ್ರ್ಯಾಕ್ಟರಿನ ಚಕ್ರ ಬಿಚ್ಚುವಾಗ ಜಾಕಿ ಜಾರಿ ಒಡೆದದ್ದಂತೆ. ಆ ಸೀಳಿನಲ್ಲಿ ಗ್ರೀಸು ಕೂತುಬಿಟ್ಟಿತ್ತು. ಸೋಪಿನ ಪುಡಿಗೆ ಮರದ ಹೊಟ್ಟು ಕಲಸಿ ಎಷ್ಟು ತಿಕ್ಕಿದರೂ ಅದು ಬಿಡುತ್ತಿರಲಿಲ್ಲ. ಊಟಕ್ಕೆ ಕೂತರೆ ಆ ಬೆರಳನ್ನು ಹಿಂದಕ್ಕೆ ಮಡಚಿಕೊಂಡು, ಉಳಿದ ಬೆರಳುಗಳಲ್ಲೇ ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದರು.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಕಡೂರಿನಲ್ಲಿ ನಮ್ಮ ಮನೆಯ ಮುಂಭಾಗವೇ ಅವರ ಗ್ಯಾರೇಜು. ಅವರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದವರು, ತೀರಿಕೊಂಡ ಮೇಲೆ ಭಾವನ ಊಟ, ಕಾಫಿ, ಮಾತ್ರೆ ಎಲ್ಲ ನನ್ನ ಪಾಲಿಗೆ ಬಂತು. ಕಣ್ಣಿಗೆ ಪೊರೆ ಬಂದ ಮೇಲೆ ಗಾಡಿಗೆ ಸಿಕ್ಕಿಸಿ ದೋಷ ನೋಡುವ ಸ್ಕ್ಯಾನರಿನ ಪರದೆ ಓದುವ ಕೆಲಸವೂ ಬಂತು. ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಅಲ್ಲಿ ಬಂದ ಅಕ್ಷರಗಳನ್ನು ಓದಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಗಾಡಿ ಯಾವಾಗ ಸಿಗುತ್ತದೆ ಎಂದು ಅವಸರ ಮಾಡುವವರಿಗೆ ಅವರದ್ದು ಒಂದೇ ಉತ್ತರ: “ನಿಂಗೆ ಹಸಿವಾಯ್ತು ಅಂತ ಅನ್ನ ಬೇಗ ಬೇಯಲ್ಲ ಕಣಪ್ಪ.”

ಕೆಲಸ ಮುಗಿದ ಮೇಲೆ ಕೈ ತೊಳೆದುಕೊಂಡು, ಗಾಡಿಯವರ ಎದುರು ನಿಂತು “ಸರಿಯಾಗೈತೆ, ತಗಂಡೋಗಿ” ಅನ್ನುತ್ತಿದ್ದರು. ಆ ಮಾತಾದ ಮೇಲೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕೆಮ್ಮಣ್ಣುಗುಂಡಿ ಹತ್ತಿಬಿಡುತ್ತಿದ್ದರು.

ಕೊನೆಕೊನೆಗೆ ಅವರ ಕೈಗೆ ಬಂದ ಗಾಡಿಗಳಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು. ಅಜ್ಜಂಪುರದ ಒಬ್ಬ ಈರುಳ್ಳಿ ವ್ಯಾಪಾರಿ ಬೆಂಗಳೂರಿನಿಂದ ಸೆಕೆಂಡ್‌ಹ್ಯಾಂಡ್ ತಂದಿದ್ದ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಎದುರುಗಡೆ ಟೀ ಅಂಗಡಿಯವನು ಅದನ್ನು ನೋಡಿ, ಇದು ಕೂತು ಹೋಗುವ ಗಾಡಿಯಲ್ಲ, ಮಲಗಿ ಹೋಗುವ ಗಾಡಿ ಅಂದಿದ್ದ. ವ್ಯಾಪಾರಿಯ ಮನೆಯ ಟ್ರ್ಯಾಕ್ಟರು, ಜೀಪು ನೋಡಿಕೊಳ್ಳುತ್ತಿದ್ದವರು ಭಾವನೇ ಆದ್ದರಿಂದ ಇದನ್ನೂ ಇಲ್ಲಿಗೇ ತಂದಿದ್ದ. ಸ್ಟೀರಿಂಗಿನ ಎದುರು ಹಳದಿ ದೀಪ ಹತ್ತಿಕೊಳ್ಳುತ್ತದೆ, ಸಣ್ಣ ಜಾಗದಲ್ಲಿ ತಿರುಗಿಸಿದರೆ ಹಿಂದೆ ಕಟಕಟ ಅನ್ನುತ್ತದೆ, ಒಮ್ಮೊಮ್ಮೆ ತಿರುವಿನಲ್ಲಿ ಬಾಲ ಎಳೆದ ಹಾಗಾಗುತ್ತದೆ ಎಂದು ಅವನ ದೂರು.

ತೊಂದರೆ ಇದ್ದದ್ದು ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನಲ್ಲಿ. ಹಾಗಂದರೇನು ಎಂದು ಕೇಳಿದ್ದಕ್ಕೆ ಭಾವ ಕಾಫಿ ಲೋಟ ಕೆಳಗಿಟ್ಟರು. “ಕಣದಲ್ಲಿ ಎತ್ತು ತುಳಿಯೋದು ನೋಡಿದೀಯಲ್ಲವ್ವ. ನಡುವಿನ ಮೇಟಿ ಕಂಬದ ಪಕ್ಕದ್ದು ಸಣ್ಣ ಸುತ್ತು, ಆಚೇದು ದೊಡ್ಡ ಸುತ್ತು. ಎರಡೂ ಒಂದೇ ಸಮ ಹೆಜ್ಜೆ ಹಾಕ್ಬೇಕು ಅಂದ್ರೆ ಎಲ್ಲಾ ಎಳೆದಾಡ್ಬಿಡ್ತವೆ.” ಹಾಗೆಂದು ಪೂರ್ತಿ ಸಡಿಲ ಬಿಟ್ಟರೂ ಕಷ್ಟ, ಕೆಸರಿಗೆ ಇಳಿದ ಚಕ್ರ ಒಂದೇ ಗಿರ್ರನೆ ತಿರುಗುತ್ತದಂತೆ. ಈ ಕಾರಿನಲ್ಲಿ ಯಾವಾಗ ಬಿಗಿಯಬೇಕು, ಯಾವಾಗ ಸಡಿಲಿಸಬೇಕು ಎನ್ನುವುದನ್ನು ಒಂದು ಕಂಪ್ಯೂಟರು ತೀರ್ಮಾನಿಸುತ್ತದೆ. ಪ್ರತಿ ಚಕ್ರದ ಹತ್ತಿರವೂ ಅದರ ವೇಗ ಹೇಳುವ ಸಣ್ಣ ಸೆನ್ಸರು ಇರುತ್ತದೆ, ಅದು ಹೇಳಿದ್ದನ್ನು ಕಂಪ್ಯೂಟರು ನಂಬುತ್ತದೆ.

ಆ ವಾರ ಭಾವನಿಗೆ ಜ್ವರ. ಮಂಡಿ ಊದಿಕೊಂಡಿತ್ತು. ಡಿಫರೆನ್ಷಿಯಲ್‌ ಒಳಗಿದ್ದ ಎಣ್ಣೆ ಆ ಕಾರಿನದ್ದಲ್ಲ, ಯಾರೋ ಕಂಡದ್ದು ಸುರಿದಿದ್ದಾರೆ ಎಂದು ಕಂಡುಹಿಡಿದರು. ಸರಿಯಾದ ಎಣ್ಣೆ ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸಿ ಹಾಕಿದರು. ಕಟಕಟ ನಿಂತಿತು. ಸ್ಕ್ಯಾನರಿನಿಂದ ದೀಪ ಆರಿಸಿ ಬೀರೂರು ರಸ್ತೆಯಲ್ಲಿ ಹೋಗಿ ಬಂದರೆ ಮತ್ತೆ ಹತ್ತಲಿಲ್ಲ. ಹಿಂದಿನ ಚಕ್ರದ ಒಳಗೆ ಸೆನ್ಸರಿನ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಬೇಕಾದರೆ ಮತ್ತೆ ಜಾಕಿ ಏರಿಸಿ ಕೆಳಗೆ ತೂರಬೇಕಿತ್ತು. ಬಿಚ್ಚಲಿಲ್ಲ. ಕೈ ತೊಳೆದುಕೊಂಡು ಬಂದು ವ್ಯಾಪಾರಿಗೆ “ಸರಿಯಾಗೈತೆ” ಅಂದರು.

ಮಾರನೆಯ ದಿನ ಅವನು ತಾಯಿಯನ್ನು ಕೂರಿಸಿಕೊಂಡು ಸಖರಾಯಪಟ್ಟಣದ ನೆಂಟರ ಮನೆಗೆ ಹೊರಟಿದ್ದ. ತಿರುವಿನಲ್ಲಿ ಕಾರಿನ ಬಾಲ ಜಾರಿ, ಗಾಡಿ ಸೀದಾ ತೆಂಗಿನ ತೋಟದ ಬೇಲಿಗೆ ನುಗ್ಗಿತು. ಅವನಿಗೆ ಏನೂ ಆಗಲಿಲ್ಲ. ತಾಯಿಯ ಹಣೆ ಒಡೆಯಿತು. ಫೋನು ತೆಗೆದವಳು ನಾನೇ. ಹೇಳಿದೆ. ಭಾವ ಸ್ಟೂಲಿನ ಮೇಲೆ ಕೂತವರು ಊಟಕ್ಕೆ ಏಳಲಿಲ್ಲ. ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟೆ. ಸಂಜೆ ಅದು ಹಾಗೇ ಇತ್ತು.

ಕಾರನ್ನು ಎಳೆದು ತಂದರು, ಮೂತಿ ನುಗ್ಗಾಗಿದ್ದರೂ ಅದು ಓಡುತ್ತಿತ್ತು. ಎರಡು ದಿನ ಬಿಟ್ಟು ತಾಯಿ, ಮಗ ಇಬ್ಬರೂ ಬಂದರು. ಆಕೆ ಹಣೆಗೆ ಪಟ್ಟಿ ಹಾಕಿಕೊಂಡು ಸೆರಗು ಹೊದ್ದಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ, ನೀರು ಕೇಳಿದರು. ಭಾವ ಮಂಡಿ ಹಿಡಿದುಕೊಂಡು ಎದ್ದು ನಿಂತರು.

“ತಪ್ಪು ನಂದು ಕಣವ್ವ. ಕೆಳಗೆ ಪೂರ್ತಿ ಬಿಚ್ಚಿ ನೋಡ್ನಿಲ್ಲ. ಮೈ ಸೋತಿತ್ತು, ಬಾಯಿ ಸೋಲ್ನಿಲ್ಲ.”

ಅಂದು ಸಂತೆ ಇರಲಿಲ್ಲ. ಮಾರುಕಟ್ಟೆಯ ಅಂಗಳ ಖಾಲಿ. ಕಾರನ್ನು ಅಲ್ಲಿಗೆ ಒಯ್ದು, ಮಗನಿಗೆ ನಿಧಾನವಾಗಿ ಸುತ್ತು ಹೊಡೆಯಲು ಹೇಳಿದರು. ಪಕ್ಕದ ಸೀಟಿನಲ್ಲಿ ನಾನು, ತೊಡೆಯ ಮೇಲೆ ಸ್ಕ್ಯಾನರು. ಭಾವ ನಡುವೆ ನೆಲದ ಮೇಲೆ ಕೂತು ಚಕ್ರ ನೋಡುತ್ತಿದ್ದರು. ಬಲಕ್ಕೆ ಸುತ್ತಿದರೆ ನಾಲ್ಕೂ ಚಕ್ರದ ವೇಗ ನೆಟ್ಟಗೆ ಕಾಣುತ್ತಿತ್ತು. ಎಡಕ್ಕೆ ಸುತ್ತಿದಾಗ ಹಿಂದಿನ ಎಡಚಕ್ರದ ಅಂಕಿ ಒಮ್ಮೆ ಸೊನ್ನೆಯಾಗಿ ಮತ್ತೆ ಬಂತು. ಇನ್ನೊಂದು ಸುತ್ತು, ಮತ್ತೆ ಸೊನ್ನೆ. ಕಿಟಕಿಯಿಂದ ಕೂಗಿ ಹೇಳಿದೆ. ಓಡುತ್ತಿರುವ ಚಕ್ರ ನಿಂತಿದೆ ಎಂದು ಕಂಪ್ಯೂಟರು ತಿಳಿದುಕೊಳ್ಳುತ್ತಿತ್ತು. ನಿಂತದ್ದನ್ನು ಎಳೆಯಲೆಂದು ತಿರುವಿನ ನಡುವೆಯೇ ಎರಡೂ ಚಕ್ರಗಳನ್ನು ಬಿಗಿದುಬಿಡುತ್ತಿತ್ತು. ಬೀರೂರು ರಸ್ತೆಯಂಥ ನೇರ ದಾರಿಯಲ್ಲಿ ಇದು ಕಾಣುವಂಥದ್ದಲ್ಲ.

ವಾಪಸು ಬಂದು ಜಾಕಿ ಏರಿಸಿದರು. ನಾನು ಗೋಣಿಚೀಲ ಹಾಸಿದೆ. ಅದರ ಮೇಲೆ ಅಂಗಾತ ಮಲಗಿ, ನರಳುತ್ತ ಒಳಗೆ ತೂರಿ, ಮುಚ್ಚಳ ಬಿಚ್ಚಿದರು. ಆಮೇಲೆ ಒಂದು ಕೈ ಹೊರಗೆ ಬಂತು. ಅದರಲ್ಲಿ ಹುರಿಹಗ್ಗದಂತೆ ಸುತ್ತಿಕೊಂಡು ಕಪ್ಪಗಾದ ಒಣಬಳ್ಳಿಯ ಉಂಡೆ. ಅದು ಚಕ್ರ ತಿರುಗಿಸುವ ಶಾಫ್ಟಿಗೆ ಬಿಗಿಯಾಗಿ ಸುತ್ತಿ, ಸೆನ್ಸರಿನ ವೈರನ್ನು ಎಳೆದು, ಮೇಲಿನ ರಬ್ಬರು ತೇದು ತಾಮ್ರ ತೋರುವಂತೆ ಮಾಡಿತ್ತು.

ತಾಯಿ ಬಗ್ಗಿ ನೋಡಿದರು. ಒಂದು ಕಾಯಿ ಬಿಡಿಸಿ ಅಂಗೈಗೆ ಉದುರಿಸಿಕೊಂಡರು.

“ಇದು ನಮ್ ಹುರುಳಿ ಕಣೋ.”

ಮಗ ಗೋಡೆಯ ಕಡೆ ತಿರುಗಿಕೊಂಡ. ಕಟಾವಾದ ಹುರುಳಿಯನ್ನು ಅವರು ಊರ ಮುಂದಿನ ಟಾರು ರಸ್ತೆಗೆ ಹರಡಿದ್ದರಂತೆ. ಈಗ ಎಲ್ಲರ ಕಣವೂ ರಸ್ತೆಯೇ ತಾನೆ. ಮೋಡ ಕವಿದಿತ್ತು, ಈರುಳ್ಳಿ ಹೇರಿಕೊಂಡು ಹೋದ ಟ್ರ್ಯಾಕ್ಟರು ಬರಲಿಲ್ಲ, ಜೀಪೂ ಮನೆಯಲ್ಲಿರಲಿಲ್ಲ. ಅಷ್ಟು ಅಗಲದ ಚಕ್ರ ಇರುವಾಗ ನಾಲ್ಕು ಸಲ ಮೇಲೆ ಓಡಾಡಿಸಿದರೆ ಏನು ಸವೆಯುತ್ತದೆ ಎಂದು ತಾಯಿಯೇ ಮಗನನ್ನು ಒತ್ತಾಯ ಮಾಡಿದ್ದರು. ಸ್ಪೋರ್ಟ್ಸ್ ಕಾರಿನಲ್ಲಿ ಹುರುಳಿ ಒಕ್ಕಿದೆ ಎಂದು ಗ್ಯಾರೇಜಿನಲ್ಲಿ ಹೇಳುವುದಕ್ಕೆ ಅವನಿಗೆ ನಾಚಿಕೆ. ಕಾರಿನ ಕೆಳಗಿನಿಂದ ಭಾವನ ನಗು ಕೇಳಿಸಿತು, ಅದರ ಹಿಂದೆಯೇ ಕೆಮ್ಮು.

ಹೊರಗೆ ಬಂದ ಮೇಲೆ ಅವರು ನಗಲಿಲ್ಲ. ತಾನು ಮೊದಲೇ ಹೇಳಬೇಕಿತ್ತು ಎಂದು ಮಗ ಗೊಣಗಿದ್ದಕ್ಕೆ, ನೀನು ಹೇಳದಿದ್ದರೂ ನಾನು ನೋಡಬೇಕಿತ್ತು ಎಂದು ಅಷ್ಟಕ್ಕೇ ನಿಲ್ಲಿಸಿದರು.

ಹೊಸ ಸೆನ್ಸರು, ಹೊಸ ವೈರು ಬಂದು, ಶಾಫ್ಟಿಗೆ ತಾಗದಂತೆ ಕಟ್ಟಿ, ಮತ್ತೆ ಅದೇ ಅಂಗಳದಲ್ಲಿ ಎಡಕ್ಕೂ ಬಲಕ್ಕೂ ಸುತ್ತಿ ನೋಡಿದೆವು. ಸೊನ್ನೆ ಬರಲಿಲ್ಲ. ಒಯ್ಯಲು ಬಂದ ದಿನ ತಾಯಿಯೂ ಬಂದಿದ್ದರು. ಭಾವ ಕೈ ತೊಳೆದುಕೊಂಡು ಬಂದು ಬೀಗದ ಕೈ ಕೊಟ್ಟರು. ಮಗ ‘ಸರಿಯಾಗೈತೆ’ ಎಂಬ ಮಾತಿಗೆ ಕಾಯುತ್ತಿದ್ದ. ತಾಯಿಯೇ ಮೊದಲು ಹೋಗಿ, ಬಾಗಿಲು ಹಿಡಿದು, ಆ ತಗ್ಗು ಸೀಟಿನೊಳಗೆ ಇಳಿದು ಕೂತರು.

“ಹೇಳ್ರಣ್ಣ. ನೀವು ಹೇಳ್ದಿದ್ರೆ ಇವನು ಗಾಡಿ ತೆಗೆಯಲ್ಲ.”

ಭಾವ ಆಕೆಯ ಹಣೆಯನ್ನೇ ನೋಡುತ್ತಿದ್ದರು. ಕೊನೆಗೆ, “ನಾನು ಕಂಡಷ್ಟು ಸರಿಯಾಗೈತೆ,” ಅಂದರು.

ಆಮೇಲೆ ಅವರು ಗಾಡಿ ಹಿಡಿಯುವುದನ್ನು ಒಂದೊಂದಾಗಿ ಬಿಟ್ಟರು. ಗಿರಾಕಿಗಳು ಬೇಡಿಕೊಂಡರು, ನೀವು ಕೂತು ಹೇಳಿ ಸಾಕು, ಬೇರೆಯವರು ಮಾಡುತ್ತಾರೆ ಅಂದರು. ನಾನೂ ಅಂದೆ. “ಕೆಳಗೆ ತೂರಿ ನೋಡಕ್ಕಾಗ್ದೋನು ಸರಿಯಾಗೈತೆ ಅಂತ ಹೆಂಗವ್ವ ಹೇಳ್ಲಿ,” ಅಂದರು. ಬೇಸರವೇನೂ ಇರಲಿಲ್ಲ ಆ ದನಿಯಲ್ಲಿ, ದಣಿವು ಮಾತ್ರ. ನಟ್ಟು ಬಿಚ್ಚುವ ಪಾನಾಗಳನ್ನು ಒರೆಸಿ, ಎಣ್ಣೆ ಸವರಿ, ಚೀಲದಲ್ಲಿ ಸುತ್ತಿಟ್ಟರು. ಷಟರು ಎಳೆದ ಮೇಲೆ ಹಗಲೆಲ್ಲ ಜಗಲಿಯಲ್ಲಿ ಕೂತು ಬಸ್ಸು ನೋಡುತ್ತಿದ್ದರು. ಹೋದ ವರ್ಷ ಚಳಿಗಾಲದಲ್ಲಿ, ಬೆಳಗಿನ ಕಾಫಿ ಕುಡಿದು ಮಲಗಿದವರು ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜನ ಸೇರಿದ್ದರು. ಅಜ್ಜಂಪುರದಿಂದ ಆ ತಾಯಿ, ಮಗ ಬಂದರು, ಆ ಕೆಂಪು ಕಾರಿನಲ್ಲೇ. ಅವರ ಮನೆಯಲ್ಲಿ ಜೀಪು ಇತ್ತು, ಆ ವಯಸ್ಸಿನವರಿಗೆ ಹತ್ತಿ ಇಳಿಯಲು ಅದೇ ಸಲೀಸು. ಸೀಟಿನಿಂದ ಮೇಲೇಳಲಾಗದೆ ಆಕೆ ಒದ್ದಾಡುತ್ತಿದ್ದರು. ನಾನು ಹೋಗಿ ಕೈ ಕೊಟ್ಟೆ. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ನನ್ನ ಕೈ ಬಿಡದೆ ಹೇಳಿದರು:

“ಇದ್ರಲ್ಲೇ ಕರ್ಕೊಂಡೋಗು ಅಂದೆ ಕಣವ್ವ. ಬೇರೆದ್ರಲ್ಲಿ ಬಂದಿದ್ರೆ ಅವರ ಮಾತು ನಂಬ್ನಿಲ್ಲ ಅಂದಂಗಾಗ್ತಿತ್ತು.”