ಮುಟ್ಟಿ ನೋಡಲೇನ್ರಿ ಎಂದಾಗ

ಬಳ್ಳಾರಿಯಲ್ಲಿ ಸರ್ಜರಿ ಪಿ.ಜಿ. ಮಾಡುತ್ತಿದ್ದಾಗ ಕೆಲವು ವಾರಗಳ ತರಬೇತಿಗೆ ಇಂಗ್ಲೆಂಡಿನ ಒಂದು ಆಸ್ಪತ್ರೆಗೆ ಹೋಗುವ ಅವಕಾಶ ನನಗೆ ಸಿಕ್ಕಿತು. ರೋಬೋಟ್ ಬಳಸಿ ಮಾಡುವ ಆಪರೇಷನ್ ನೋಡುವ ಆಸೆಯಿತ್ತು. ಅದನ್ನು ನೋಡಿದೆ ಕೂಡ. ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಮೊದಲ ದಿನದ ವಾರ್ಡ್ ರೌಂಡ್ಸ್.

ಹಾಸಿಗೆಯಲ್ಲಿ ಪೇಪರ್ ಓದುತ್ತಿದ್ದ ಮುದುಕರೊಬ್ಬರಿಗೆ ಅಲ್ಲಿನ ದೊಡ್ಡ ಸರ್ಜನ್, "ಇವರು ಭಾರತದಿಂದ ಬಂದ ಡಾಕ್ಟರು. ನಿಮ್ಮನ್ನು ಪರೀಕ್ಷೆ ಮಾಡುವಾಗ ಇವರೂ ಇರಬಹುದೇ?" ಎಂದು ಕೇಳಿದರು. ಮುದುಕರು ನನ್ನತ್ತ ನೋಡಿ ನಕ್ಕು, "ಇವತ್ತು ಬೇಡ" ಎಂದರು. ಸರ್ಜನ್ ಆ ಮುದುಕರಿಗೆ ಥ್ಯಾಂಕ್ಸ್ ಹೇಳಿ ನನ್ನನ್ನು ಪರದೆಯ ಆಚೆ ಕಳಿಸಿಬಿಟ್ಟರು.

ಕಪಾಳಕ್ಕೆ ಹೊಡೆದಂತಾಯಿತು. ನನ್ನ ಬಣ್ಣ ನೋಡಿಯೇ ಹೀಗೆ ಎಂದುಕೊಂಡೆ. ಅಷ್ಟರಲ್ಲಿ ಅದೇ ಊರಿನ ಬಿಳಿಯ ಕಿರಿಯ ಡಾಕ್ಟರೂ ಹೊರಬಂದು ನನ್ನ ಪಕ್ಕ ನಿಂತ. ಅವನಿಗೂ ಬೇಡ ಅಂದಿದ್ದರಂತೆ. ಅವನು ಅದನ್ನು ಮನಸ್ಸಿಗೇ ಹಚ್ಚಿಕೊಂಡಿರಲಿಲ್ಲ. ರೋಗಿ ಹಾಗೆ ಹೇಳಬಹುದು ಎಂಬುದೇ ನನಗೆ ಹೊಸದು. ನಮ್ಮಲ್ಲಿ ಪ್ರೊಫೆಸರ ಹಿಂದೆ ಬಂದ ವಿದ್ಯಾರ್ಥಿಗಳೆಲ್ಲ ಒಬ್ಬರಾದ ಮೇಲೊಬ್ಬರು ಅದೇ ಹೊಟ್ಟೆಯನ್ನು ಒತ್ತಿ ನೋಡುವಾಗ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ನಾನು ಬಳ್ಳಾರಿಗೆ ಮರಳಿದ ಮೇಲೆ ಕುರುಗೋಡು ಕಡೆಯ ಹೆಂಗಸೊಬ್ಬರು ಪಿತ್ತಕೋಶದ ಕಲ್ಲಿಗಾಗಿ ದಾಖಲಾದರು. ಅವರ ಪಕ್ಕ ನಿಂತು ಕೇಳಿದೆ: "ಅಮ್ಮಾ, ನಿಮ್ಮ ಹೊಟ್ಟಿ ಮುಟ್ಟಿ ನೋಡ್ಲೇನ್ರಿ?"

ಆಕೆಯ ಮುಖ ಬಿಳಿಚಿಕೊಂಡಿತು. "ಯಾಕ ಕೇಳ್ತೀರಿ ಡಾಕ್ಟ್ರಮ್ಮಾ? ನಾ ಉಳಿಯಂಗಿಲ್ಲೇನು?" ಎಂದವರೇ ಮಗಳನ್ನು ಕೂಗಿ ಅಳತೊಡಗಿದರು. ಪಕ್ಕದ ಹಾಸಿಗೆಯಲ್ಲಿದ್ದ ಸಿರುಗುಪ್ಪದ ಅಜ್ಜಿ ನನ್ನ ಮೇಲೆ ಹರಿಹಾಯ್ದಳು. "ಅಷ್ಟು ಓದಿದಾಕಿ, ನೋಡೂದಿದ್ರ ನೋಡಬೇಕವ್ವ. ಹಿಂಗ ಕೇಳಿ ಯಾಕ ಹೆದರಸ್ತಿ?"

ಕೇಳಿದ್ದಕ್ಕೇ ಸಾವಿನ ಭಯ ಹುಟ್ಟುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕೊನೆಗೆ ಸ್ಟೂಲ್ ಎಳೆದುಕೊಂಡು ಕೂತೆ.

"ಏನೂ ಆಗಿಲ್ರಿ. ಮೈ ನಿಮ್ದು, ಅದಕ್ಕ ಕೇಳಿದೆ. ಬ್ಯಾಡಂದ್ರ ಬಿಡ್ತೀನಿ."

"ಬ್ಯಾಡ ಅನ್ನಾಕೂ ಬರತೈತೇನು?" ಆಕೆ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. ಆಮೇಲೆ ಸೆರಗು ಸರಿಸಿ, "ನೋಡ್ರಿ" ಎಂದರು.

ಮರುದಿನ ಬೆಳಿಗ್ಗೆ ಪ್ರೊಫೆಸರು ವಿದ್ಯಾರ್ಥಿಗಳ ದಂಡಿನೊಂದಿಗೆ ಬಂದು ಕೈ ಚಾಚಿದರು. ಆಕೆ ಚಾದರವನ್ನು ಗಟ್ಟಿಯಾಗಿ ಹಿಡಿದರು. "ಬ್ಯಾಡ್ರಿ ಸರ. ಆ ಡಾಕ್ಟ್ರಮ್ಮ ಒಬ್ಬಾಕಿ ನೋಡ್ಲಿ."

ಪ್ರೊಫೆಸರು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಮುಂದಿನ ಹಾಸಿಗೆಗೆ ಹೋದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ರೌಂಡ್ಸ್ ಮುಗಿದ ಮೇಲೆ ಆಕೆ ನನ್ನನ್ನು ಡ್ರೆಸ್ಸಿಂಗ್ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಸಿದರು. ಕುಪ್ಪಸದ ಗುಂಡಿ ಬಿಚ್ಚಿ, ನನ್ನ ಕೈ ಹಿಡಿದು ಎದೆಯ ಮೇಲೆ ಇಟ್ಟರು. ಬೆರಳಿಗೆ ಗಟ್ಟಿ ಗಂಟು ಸಿಕ್ಕಿತು.

"ಇದು ಯಾವಾಗಿಂದ ಐತ್ರಿ?"

"ಹೋದ ದೀಪಾವಳಿಯಿಂದ. ಅಷ್ಟು ಗಂಡಸರ ಮುಂದ ಹೆಂಗ ಹೇಳ್ಲಿ?"

ಇದನ್ನು ತೋರಿಸದೇ ಹೋಗಿದ್ದರೆ ಕಲ್ಲು ತೆಗೆದು, ಹೊಲಿಗೆ ಹಾಕಿ ಈಕೆಯನ್ನು ನಗುನಗುತ್ತಾ ಮನೆಗೆ ಕಳಿಸಿರುತ್ತಿದ್ದೆವು.

ಪ್ರೊಫೆಸರಿಗೆ ಹೋಗಿ ಹೇಳಿದೆ. ಬೈಯುತ್ತಾರೆಂದು ಕಾದಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಳಿಕ, "ಬಯಾಪ್ಸಿಗೆ ಬರಿ" ಎಂದರು.

ಅದು ಕ್ಯಾನ್ಸರೇ ಆಗಿತ್ತು, ಆದರೆ ಹರಡಿರಲಿಲ್ಲ. ಪ್ರೊಫೆಸರೇ ಆಪರೇಷನ್ ಮಾಡಿದರು, ನಾನು ಎದುರಿಗೆ ನಿಂತು ಸಹಾಯ ಮಾಡಿದೆ. ಕ್ಯಾನ್ಸರ್ ಎಂದು ತಿಳಿದ ದಿನ ಮಗಳು ಕಾರಿಡಾರಿನಲ್ಲಿ ಕುಸಿದು ಕೂತಿದ್ದಳು. "ಒಂದ ಮನ್ಯಾಗ ಇರತೀವಿ, ನನಗೂ ಹೇಳ್ಲಿಲ್ಲಲ್ರೀ ನಮ್ಮವ್ವ" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದ್ದಳು.

ಕೀಮೋ ಮುಗಿದ ಮೇಲೆ ಆಕೆ ತಪಾಸಣೆಗೆ ಬಂದಾಗ ಕೂದಲು ಆಗಷ್ಟೇ ಚಿಗುರಿತ್ತು. ಜೊತೆಗೆ ತಂಗಿಯನ್ನೂ ಕರೆತಂದಿದ್ದರು. "ಈಕಿನೂ ಒಂದೀಟು ನೋಡ್ರಿ, ಹೇಳಾಕ ನಾಚ್ತಾಳ" ಎಂದು ಆಕೆಯನ್ನು ನನ್ನ ಮುಂದೆ ಕೂರಿಸಿ, ತಾವು ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು.